ಬ್ಯಾನರಿನ ಬೆನ್ನ ಮೇಲೆ ಅಆಇಈ

ತುಕ್ರಪ್ಪ ತನ್ನ ಹೆಂಡತಿ ಅಮ್ಮಣಿಗೆ ಹದಿನೇಳು ದಿನದ ಹೊಲಿಗೆ ಕೂಲಿ ಕೊಡುವುದು ಇವತ್ತಿಗೂ ಬಾಕಿ ಇದೆ. ಬೀಡಿ ಕಟ್ಟುವವರ ಕೂಲಿಗಾಗಿ ಬಂಟ್ವಾಳದಲ್ಲಿ ಧರಣಿ ಕೂತವನು, ತೋಟದ ಆಳುಗಳ ಕೂಲಿಗಾಗಿ ಬೆಳ್ತಂಗಡಿಯಲ್ಲಿ ಗಂಟಲು ಹರಿದುಕೊಂಡವನು, ಹೊರೆ ಹೊರುವವರ ಕೂಲಿಗಾಗಿ ಮೂಡುಬಿದಿರೆಯ ಪೇಟೆಯಲ್ಲಿ ಲಾಠಿಯ ರುಚಿ ನೋಡಿದವನು ಈ ತುಕ್ರಪ್ಪ. ಆ ಎಲ್ಲ ಹೋರಾಟಗಳ ಬಟ್ಟೆ ಬ್ಯಾನರುಗಳ ಅಂಚು ಮಡಚಿ, ಹಗ್ಗ ತೂರಿಸಲು ಜಾಗ ಬಿಟ್ಟು, ಹದಿನೇಳು ಹಗಲು ಮೆಷಿನ್ ತುಳಿದವಳು ಅಮ್ಮಣಿ. ಕೂಲಿ ಕೇಳಿದರೆ "ಹೋರಾಟ ಗೆಲ್ಲಲಿ, ಒಟ್ಟಿಗೆ ಕೊಡ್ತೇನೆ" ಎನ್ನುತ್ತಿದ್ದ. ಹೋರಾಟ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಮುಂದಿನ ಸಭೆಗೆ ಹೋಯಿತು. ಕೂಲಿಯೂ ಅದರ ಬಾಲ ಹಿಡಿದುಕೊಂಡು ಹೋಯಿತು. ಬ್ಯಾನರುಗಳು ಮಾತ್ರ ಎಲ್ಲಿಗೂ ಹೋಗದೆ ಮನೆಯ ಅಟ್ಟದಲ್ಲಿ ಇಲಿಗಳೊಂದಿಗೆ ಸಹಬಾಳ್ವೆ ನಡೆಸುತ್ತ ಬಿದ್ದಿದ್ದವು.

ಅಮ್ಮಣಿ ಅಂಗನವಾಡಿ ಟೀಚರು. ಮುಂಡಾಜೆ ದಾಟಿ ಚಾರ್ಮಾಡಿಯ ಕಡೆಗೆ ಹೋಗುವಾಗ, ಕಕ್ಕಿಂಜೆಗಿಂತ ಮೊದಲು, ರಸ್ತೆಗೆ ಅಂಟಿಕೊಂಡು ಒಂದು ನೀಲಿ ಗೋಡೆಯ ಕೋಣೆ, ಒಂದು ಅಂಗಳ, ಸುತ್ತ ತಂತಿಯ ಬೇಲಿ. ಅದು ಕುಂಟಾಲಗುಡ್ಡೆಯ ಅಂಗನವಾಡಿ. ಹೋದ ವರ್ಷ ಅಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಈ ವರ್ಷ ಇಂಗ್ಲಿಷ್ ನರ್ಸರಿಯ ಹಳದಿ ವ್ಯಾನೊಂದು ಮನೆಮನೆಯ ಗೇಟಿಗೆ ಬರತೊಡಗಿತು. ಟೈ, ಬೂಟು, ಕುತ್ತಿಗೆಗೆ ನೇತಾಡುವ ನೀರಿನ ಬಾಟಲಿ, ಬಾಯಲ್ಲಿ 'ಎ ಫಾರ್ ಆ್ಯಪಲ್'. ವ್ಯಾನು ಎಂಟು ಮಕ್ಕಳನ್ನು ನುಂಗಿತು. ಉಳಿದದ್ದು ಹದಿನಾಲ್ಕು.

ಮೇಲ್ವಿಚಾರಕಿ ಸಬೀಹಾ ಮೇಡಂ ಬಂದು ಹಾಜರಿ ಪುಸ್ತಕ ತೆರೆದು ಅದರ ಮೇಲೆಯೇ ನಿಟ್ಟುಸಿರು ಬಿಟ್ಟರು.

"ಹದಿನೆಂಟಾದ್ರೂ ತೋರಿಸಿ ಟೀಚರ್. ಇಲ್ಲದಿದ್ರೆ ಈ ಕೇಂದ್ರ ಮುಚ್ಚಿ ಕಕ್ಕಿಂಜೆಗೆ ಸೇರಿಸಿ ಅಂತ ಮೇಲಿನವರು ಹೇಳ್ತಾರೆ. ನಾನು ಎಷ್ಟು ದಿನ ಆ ಫೈಲಿನ ಮೇಲೆ ಕೂತುಕೊಳ್ಳಲಿ? ಮುಂದಿನ ತಿಂಗಳು ಮೊದಲ ಶನಿವಾರ ತಾಯಂದಿರ ಸಭೆ ಕರೀರಿ. ಮಕ್ಕಳಿಗೆ ಎಂತ ಬರ್ತದೆ ಅಂತ ತೋರಿಸಿ. ನಾನೂ ಬರ್ತೇನೆ."

ಕಕ್ಕಿಂಜೆಗೆ ಸೇರಿಸುವುದೆಂದರೆ ಮೂರು ವರ್ಷದ ಮಕ್ಕಳು ಘಾಟಿ ಇಳಿದು ಬರುವ ಲಾರಿಗಳ ಪಕ್ಕದಲ್ಲಿ ಮೂರು ಕಿಲೋಮೀಟರ್ ನಡೆಯಬೇಕು ಎಂದು ಅರ್ಥ. ನಡೆಯುವುದಿಲ್ಲ, ಮನೆಯಲ್ಲೇ ಕೂರುತ್ತವೆ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ, ಪದ್ಯವೂ ಇಲ್ಲ. ಅಷ್ಟು ಸರಳ.

ಅಮ್ಮಣಿ ಮನೆಗೆ ಬಂದು ಇದನ್ನು ಹೇಳುವಾಗ ತುಕ್ರಪ್ಪ ಜಗಲಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ. ವಯಸ್ಸು ಅರುವತ್ತಾರು. ಮೊಣಕಾಲುಗಳು ಮುಷ್ಕರ ಹೂಡಿ ಎರಡು ವರ್ಷವಾಗಿತ್ತು.

"ಇಲ್ಲಿ ಅಕ್ಷರ ಕಲಿಸುದಿಲ್ಲ ಅಂತ ಹೇಳಿ ತಾಯಂದಿರು ವ್ಯಾನಿಗೆ ಹತ್ತಿಸುದು," ಎಂದಳು ಅಮ್ಮಣಿ. "ನಾವು ಆಡಿಸುದು, ಹಾಡಿಸುದು, ಮೂಗು ಒರೆಸುದು ಒಂದೂ ಅವರಿಗೆ ಲೆಕ್ಕ ಇಲ್ಲ."

ತುಕ್ರಪ್ಪ ಪೇಪರು ಮಡಚಿದ. "ಹದಿನೈದು ದಿನ ನನಗೆ ಬಿಟ್ಟುಕೊಡು. ನಲುವತ್ತು ವರ್ಷ ಗೋಡೆಯ ಮೇಲೆ ಬರೆದವನು ನಾನು. ಮೂರು ತಾಲೂಕಿನ ಗೋಡೆಗಳಿಗೆ ಅಕ್ಷರ ಕಲಿಸಿದ್ದೇನೆ. ಈ ಹದಿನಾಲ್ಕು ಚಿಳ್ಳೆಗಳು ಎಂತ ದೊಡ್ಡದು?"

"ಗೋಡೆ ಉಚ್ಚೆ ಹೊಯ್ಯುದಿಲ್ಲ."

"ಅಶ್ರುವಾಯು ಕುಡಿದವನಿಗೆ ಅದೆಲ್ಲ ಪನ್ನೀರು."

"ಆಯ್ತು, ಕಲಿಸಿ. ಆದ್ರೆ ಅಲ್ಲಿ ನಿಮ್ಮ ಭಾಷಣ ಬೇಡ. ಮಕ್ಕಳು ಮಲಗುದು ಹನ್ನೆರಡೂವರೆಗೆ. ಅದಕ್ಕಿಂತ ಮೊದಲೇ ಮಲಗಿಸಬೇಡಿ."

ತುಕ್ರಪ್ಪನ ಶಿಕ್ಷಣ ತತ್ವ ಹೀಗಿತ್ತು: ಸ್ಲೇಟಿನಲ್ಲಿ ಇರುವೆಯಷ್ಟು ಅಕ್ಷರ ಬರೆಸಿದರೆ ಮಗುವಿಗೂ ಬೇಜಾರು, ಅಕ್ಷರಕ್ಕೂ ಬೇಜಾರು. ಅಕ್ಷರ ಮಗುವಿಗಿಂತ ದೊಡ್ಡದಿರಬೇಕು. ಮಗು ಅದರ ಒಳಗೆ ಕೂತು, ಮಗುಚಿ ಬಿದ್ದು, ಎದ್ದು ಬಣ್ಣ ತುಂಬಬೇಕು. ತತ್ವವೇನೋ ಭರ್ಜರಿ. ಆದರೆ ಅಂಗನವಾಡಿಯ ಕಪಾಟಿನಲ್ಲಿದ್ದದ್ದು ಎಂಟು ಡ್ರಾಯಿಂಗ್ ಹಾಳೆ. ಅದರಲ್ಲಿ ಎರಡರ ಮೇಲೆ ಸಹಾಯಕಿ ಜುಲೈಕಾ ಆಗಲೇ ಸಾಸಿವೆ, ಜೀರಿಗೆ, ಸಾಬೂನು ಎಂದು ಸಾಮಾನಿನ ಪಟ್ಟಿ ಬರೆದಿದ್ದಳು.

ತುಕ್ರಪ್ಪ ಮೊಣಕಾಲಿನ ಮುಷ್ಕರ ಮುರಿದು ಅಟ್ಟ ಹತ್ತಿದ. ಬ್ಯಾನರುಗಳನ್ನು ಕೆಳಗೆ ಎಸೆದ. ಎರಡು ಇಲಿ ಸಂಸಾರಗಳು ನಿರಾಶ್ರಿತವಾದವು. ಗಟ್ಟಿ ಹತ್ತಿ ಬಟ್ಟೆ, ಎರಡು ಮೀಟರಿಗೂ ಮಿಕ್ಕಿದ ಉದ್ದ. ಒಂದು ಮುಖದಲ್ಲಿ ಘೋಷಣೆ, ಇನ್ನೊಂದು ಮುಖ ಖಾಲಿ. ಖಾಲಿ ಮುಖಕ್ಕೆ ಗಂಜಿಯಲ್ಲಿ ಸುಣ್ಣ ಕಲಸಿ ಬಳಿದು ಒಣಗಿಸಿದ. ಬ್ಯಾನರುಗಳ ಬೆನ್ನು ಮದುಮಗನ ಪಂಚೆಯ ಹಾಗೆ ಬೆಳ್ಳಗಾಯಿತು.

ಬಣ್ಣಕ್ಕೆ ಪೇಟೆಗೆ ಹೋಗಲಿಲ್ಲ. ಕೆಮ್ಮಣ್ಣು ಅರೆದರೆ ಕಾವಿ. ಬಸಳೆಯ ಹಣ್ಣು ಹಿಂಡಿದರೆ ನೇರಳೆ. ಬಟ್ಟೆಗೆ ಹಾಕುವ ನೀಲಿ ಇದ್ದೇ ಇದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಹಳದಿ ಇದ್ದದ್ದು ಕಣ್ಣೆದುರೇ ಕೆಂಪಾಗುತ್ತದೆ. ಇದನ್ನು ನೋಡಿದ ಮಕ್ಕಳು "ಇನ್ನೊಮ್ಮೆ ಅಜ್ಜ, ಇನ್ನೊಮ್ಮೆ" ಎಂದು ಹಟ ಹಿಡಿದವು. ಜನರ ಒತ್ತಾಯಕ್ಕೆ ಮಣಿಯುವುದು ತುಕ್ರಪ್ಪನ ಹುಟ್ಟುಗುಣ. ಅವನು ಹನ್ನೊಂದು ಸಲ ಮಾಡಿ ತೋರಿಸಿದ. ಅಡುಗೆ ಕೋಣೆಯ ಅರಿಶಿನದ ಡಬ್ಬ ಖಾಲಿಯಾಯಿತು.

ಜುಲೈಕಾ ಸೌಟು ಹಿಡಿದು ಬಾಗಿಲಿಗೆ ಬಂದಳು. "ತುಕ್ರಪ್ಪಣ್ಣ, ನಿಮ್ಮ ಅಕ್ಷರಕ್ಕೆ ಬಣ್ಣ ಬಂತು, ನನ್ನ ಸಾಂಬಾರಿಗೆ ಕಾಮಾಲೆ ಗುಣ ಆಯ್ತು. ಬಂದು ನೋಡಿ, ಎಷ್ಟು ಬೆಳ್ಳಗೆ ಉಂಟು ಅಂತ."

ಇನ್ನು ಅಕ್ಷರಗಳು. ಗೋಡೆಯ ಚಿತ್ರಪಟದಲ್ಲಿ 'ಅ ಅರಸ' ಎಂದಿತ್ತು. ತುಕ್ರಪ್ಪ ಕಣ್ಣು ಕಿರಿದು ಮಾಡಿ ಅರಸನನ್ನು ನೋಡಿದ. "ಇವನು ಇನ್ನೂ ಇಲ್ಲಿದ್ದಾನಾ?" ಎಂದು ಕೇಳಿ ಅಲ್ಲಿಯೇ ಪದಚ್ಯುತಗೊಳಿಸಿದ. ಅ ಅಂದರೆ ಅಕ್ಕಿ. ಆ ಆಡು, ಇ ಇಲಿ, ಈ ಈರುಳ್ಳಿ, ಉ ಉಪ್ಪು, ಊ ಊಟ. 'ಋ'ವನ್ನು ರಜೆಯ ಮೇಲೆ ಕಳಿಸಿದ. ನಲುವತ್ತು ವರ್ಷದ ಒಂದೇ ಒಂದು ಘೋಷಣೆಗೂ ಅದು ಕೆಲಸಕ್ಕೆ ಬಂದಿರಲಿಲ್ಲ. ಉಳಿದದ್ದು ಸರಿಯಾಗಿ ಹದಿನಾಲ್ಕು ಸ್ವರ, ಹದಿನಾಲ್ಕು ಮಕ್ಕಳು. ತಲೆಗೊಂದು ಅಕ್ಷರ.

'ಅ' ಬಂದದ್ದು ವಿಸ್ಮಿತಾಳ ಪಾಲಿಗೆ. ಅವಳು ಅಕ್ಷರಕ್ಕೆ ಕಾವಿ ತುಂಬಿಸಿ, ಮಿಕ್ಕಿದ್ದನ್ನು ಅಂಗನವಾಡಿಯ ಬೆಕ್ಕಿಗೆ ತುಂಬಿಸಿದಳು. ಕೊನೆಯ 'ಅಃ' ಬಂದದ್ದು ಇಹ್ಸಾನನಿಗೆ. ನಾಲ್ಕು ವರ್ಷದ ಇಹ್ಸಾನ್ ಸೊಂಟಕ್ಕೆ ಕೈಕೊಟ್ಟು ನಿಂತು ವಿಚಾರಣೆ ಮಾಡಿದ.

"ಇದಕ್ಕೆ ಎಂತ ಚಿತ್ರ ಅಜ್ಜ?"

"ಮೆಣಸು ತಿಂದವನ ಬಾಯಿ."

ಇಹ್ಸಾನ್ ಹೇಳಿದ್ದನ್ನು ನಂಬುವ ಜಾತಿಯಲ್ಲ. ಸದ್ದಿಲ್ಲದೆ ಅಡುಗೆ ಕೋಣೆಗೆ ಹೋಗಿ ಬುಟ್ಟಿಯಿಂದ ಒಂದು ಹಸಿಮೆಣಸು ತೆಗೆದು ಕಚ್ಚಿದ. ಆಮೇಲೆ ಅವನು ಉಚ್ಚರಿಸಿದ 'ಅಃ' ರಸ್ತೆಯಾಚೆ ಹನೀಫಾಕನ ಚಾದ ಅಂಗಡಿಗೂ ಕೇಳಿಸಿತು. ಇಂಥ ವಿಸರ್ಗವನ್ನು ದೊಡ್ಡ ಪಂಡಿತರೂ ಹೊರಡಿಸಿದ್ದಿಲ್ಲ. ಆ ಅಕ್ಷರವನ್ನು ಅವನು ಈ ಜನ್ಮದಲ್ಲಿ ಮರೆಯುವುದಿಲ್ಲ. ತುಕ್ರಪ್ಪನೂ ಮರೆಯುವುದಿಲ್ಲ, ಯಾಕೆಂದರೆ ಇಹ್ಸಾನನ ತಾಯಿ ಮುರ್ಶಿದಾ ಸಂಜೆ ಬಂದು ಹೇಳಿಹೋದ ಮಾತುಗಳು ಬೇರೆಯೇ ವರ್ಣಮಾಲೆಯವು.

ಕೈಕಟ್ಟಿ ಅಕ್ಷರ ಹೇಳಿಸುವ ಪದ್ಧತಿ ತುಕ್ರಪ್ಪನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಪದ್ಧತಿ: ಒಬ್ಬ ಕೂಗಬೇಕು, ಉಳಿದವರು ಮುಷ್ಟಿ ಎತ್ತಿ ಉತ್ತರ ಕೊಡಬೇಕು. ಅವನು "ಅ" ಎಂದರೆ ಹದಿನಾಲ್ಕು ಪುಟ್ಟ ಮುಷ್ಟಿಗಳು ಎದ್ದು "ಅಕ್ಕಿ" ಎನ್ನುತ್ತಿದ್ದವು. "ಆ" ಎಂದರೆ "ಆಡು".

"ಇದು ಅಂಗನವಾಡಿಯಾ, ಯೂನಿಯನ್ ಆಫೀಸಾ?" ಎಂದು ಅಮ್ಮಣಿ ಕೇಳಿದಳು.

"ಗಂಟಲಿನಿಂದ ಹೋದದ್ದು ಹೊರಗೆ ಬೀಳ್ತದೆ. ಮುಷ್ಟಿಯಿಂದ ಹೋದದ್ದು ರಕ್ತಕ್ಕೆ ಸೇರ್ತದೆ."

ಹನ್ನೆರಡನೆಯ ದಿನ ಹದಿನಾಲ್ಕು ಮಕ್ಕಳೂ ಹದಿನಾಲ್ಕು ಅಕ್ಷರಗಳನ್ನೂ ಗುರುತಿಸಿಬಿಟ್ಟಿದ್ದವು. ತುಕ್ರಪ್ಪ ನಡೆಯುವಾಗ ಎದೆ ಮುಂದೆ, ಮನುಷ್ಯ ಹಿಂದೆ.

ಶನಿವಾರ ಬಂತು. ಹತ್ತೂವರೆಗೆ ಸಭೆ. ಬೇರೆ ಮೂರು ಬದಿಗಳಲ್ಲಿ ಬೇಲಿಯ ಕಂಬಗಳು ಯಾವತ್ತೋ ಗೆದ್ದಲು ಹಿಡಿದು ಬಿದ್ದಿದ್ದರಿಂದ ತುಕ್ರಪ್ಪ ರಸ್ತೆ ಬದಿಯ ಕಂಬಗಳಿಗೇ ಹಗ್ಗ ಬಿಗಿದು ಬ್ಯಾನರು ಕಟ್ಟಿದ. ಮಕ್ಕಳು ಬಿಡಿಸಿದ ಅಕ್ಷರಗಳು ಅಂಗಳದ ಕಡೆಗೆ. ಅಲ್ಲಿ ಚಾಪೆ, ಅಲ್ಲಿ ತಾಯಂದಿರು, ಅಲ್ಲಿ ಸಬೀಹಾ ಮೇಡಮ್ಮಿಗೆ ಪ್ಲಾಸ್ಟಿಕ್ ಕುರ್ಚಿ. ಏರ್ಪಾಡು ಅಚ್ಚುಕಟ್ಟು.

ಅಮ್ಮಣಿ ಬಗ್ಗಿ ಹಗ್ಗದಡಿಯಿಂದ ಆಚೆ ಇಣುಕಿದಳು. "ಇದರ ಹಿಂದೆ ಬರಹ ಉಂಟಲ್ಲ. ರಸ್ತೆಗೆ ಕಾಣುದಿಲ್ವಾ?"

"ಕಾಣಲಿ ಮಾರಾಯ್ತಿ. ನಲುವತ್ತು ವರ್ಷ ಇದನ್ನು ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದೆ. ಒಂದು ನಾಯಿ ಓದಲಿಲ್ಲ. ಈಗ ಓದ್ತಾರಾ?"

ಅಮ್ಮಣಿ ಮೇಡಮ್ಮಿನ ಕುರ್ಚಿ ಒರೆಸಲು ಹೋದಳು. ಯಾವ ಬ್ಯಾನರಿನ ಹಿಂದೆ ಯಾವ ಘೋಷಣೆ ಇದೆ ಎಂಬುದು ತುಕ್ರಪ್ಪನಿಗೇ ಮರೆತುಹೋಗಿತ್ತು. ವಿಸ್ಮಿತಾಳ 'ಅ' ಎಲ್ಲಕ್ಕಿಂತ ಅಗಲದ ಬಟ್ಟೆಯಲ್ಲಿತ್ತು. ಅದರ ಬೆನ್ನಿಗೆ, ಅಂದರೆ ರಸ್ತೆಯ ಕಡೆಗೆ, ಒಂದೊಂದು ಮೊಳದ ಕೆಂಪು ಅಕ್ಷರಗಳಲ್ಲಿ ಹೀಗೆ ಬರೆದಿತ್ತು: 'ಇಂದು ಇಲ್ಲಿ ರಸ್ತೆ ತಡೆ'. ಪಕ್ಕದ 'ಆ'ದ ಬೆನ್ನಿಗೆ: 'ವಾಹನ ಚಾಲಕರೇ, ಸಹಕರಿಸಿ'. 'ಇ'ಯ ಬೆನ್ನಿಗೆ: 'ಬೇಡಿಕೆ ಈಡೇರುವ ತನಕ ಕದಲೆವು'.

ಹತ್ತು ಗಂಟೆಗೆ ಚಿಕ್ಕಮಗಳೂರಿನ ಕಡೆಯಿಂದ ಒಂದು ಬಸ್ಸು ಬಂತು. ನಮ್ಮ ಕಡೆಯ ರಸ್ತೆಯಲ್ಲಿ ಓಡಾಡುವ ಚಾಲಕರಿಗೆ ಈ ವಿಷಯದಲ್ಲಿ ಒಂದು ಶಿಸ್ತು ಉಂಟು. ಯಾರು, ಯಾಕೆ, ಎಷ್ಟು ಹೊತ್ತು ಎಂದು ಅವರು ಕೇಳುವುದಿಲ್ಲ. ಹಿಂದೆ ಕೇಳಿದವರ ಗಾಜು ಉಳಿದಿಲ್ಲ. ಬ್ಯಾನರು ಕಂಡಿತು, ಹಗ್ಗ ಕಂಡಿತು, ಬಟ್ಟೆಗಳ ಸಂದಿಯಲ್ಲಿ ಮುಷ್ಟಿಗಳೂ ಕಂಡವು. ಸಭೆಗೆ ಮುಂಚಿನ ತಾಲೀಮು ನಡೆದಿತ್ತು. ಚಾಲಕ ಬಸ್ಸು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಇಳಿದು ಬೀಡಿ ಹಚ್ಚಿದ. ಅವನ ಹಿಂದೆ ಕಲ್ಲಿನ ಲಾರಿ ನಿಂತಿತು. ಎದುರಿನಿಂದ ಬಂದ ಬಸ್ಸು ಈ ಬಸ್ಸನ್ನು ನೋಡಿ ನಿಂತಿತು. ಧರ್ಮಸ್ಥಳಕ್ಕೆ ಹೊರಟ ಟೆಂಪೊಗಳು ಲಾರಿಯನ್ನು ನೋಡಿ ನಿಂತವು. ಯಾರೂ ಯಾರನ್ನೂ ತಡೆಯಲಿಲ್ಲ. ಎಲ್ಲರೂ ಸಹಕರಿಸಿದರು.

ಎದುರಿನ ಅಂಗಡಿಯ ಹನೀಫಾಕ ಬಾಗಿಲು ಮುಚ್ಚುವುದರಲ್ಲಿ ಪಳಗಿದವನು. ಪೂರ್ತಿ ಮುಚ್ಚಿದರೆ ವ್ಯಾಪಾರ ಹೋಯಿತು, ಪೂರ್ತಿ ತೆರೆದರೆ ಗಾಜಿನ ಭರಣಿ ಹೋಯಿತು. ಆದ್ದರಿಂದ ಶಟರನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಅದರಡಿಯಿಂದ ಚಾ, ಗೋಳಿಬಜೆ ದಾಟಿಸತೊಡಗಿದ. ಒಂದು ಕೈಯಲ್ಲಿ ಕಕ್ಕಿಂಜೆಯ ಭಾವನಿಗೆ ಫೋನು ಮಾಡಿ "ಇಲ್ಲಿ ಬಂದ್ ಉಂಟು, ನೋಡಿಕೊ" ಎಂದ. ಭಾವ ನೋಡಿಕೊಂಡ. ಕಕ್ಕಿಂಜೆಯಲ್ಲಿ ಶಟರುಗಳು ಒಂದಾದ ಮೇಲೊಂದು ಸೊಂಟಕ್ಕೆ ಇಳಿದವು. ಸುದ್ದಿ ಮೊಬೈಲು ಹತ್ತಿ ಮುಂಡಾಜೆಗೆ ಮುಟ್ಟುವಾಗ ಹದಿನಾಲ್ಕು ಜನ ನೂರ ನಲುವತ್ತಾಗಿದ್ದರು. ಉಜಿರೆಗೆ ಮುಟ್ಟುವಾಗ ಸಾವಿರದ ನಾನೂರು.

ತುಕ್ರಪ್ಪ ಅಂಗಳದಲ್ಲಿ ಚಾಪೆ ನೇರ ಮಾಡುತ್ತಿದ್ದ. ರಸ್ತೆಯಲ್ಲಿ ಜನ ಇಳಿಯುವ, ಮಾತಾಡುವ ಸದ್ದು ಕೇಳಿ ಅವನ ಮುಖ ಅರಳಿತು.

"ಅಮ್ಮಣಿ, ಚಾಪೆ ಸಾಲುದಿಲ್ಲ. ಅಕ್ಷರ ನೋಡ್ಲಿಕ್ಕೆ ಬಸ್ಸು ಮಾಡಿಕೊಂಡು ಬಂದಿದ್ದಾರೆ."

ಗೇಟಿನ ಹೊರಗೆ ಬಂದ. ಎಡಕ್ಕೆ ನೋಡಿದ, ವಾಹನಗಳ ಸಾಲು ತಿರುವಿನಲ್ಲಿ ಮಾಯವಾಗಿತ್ತು. ಬಲಕ್ಕೆ ನೋಡಿದ, ಅಲ್ಲಿಯೂ ಅಷ್ಟೇ. ಬೆಂಗಳೂರಿನ ಕಡೆಯ ಯಾತ್ರಿಕನೊಬ್ಬ ತಲೆಗೆ ಟವೆಲು ಸುತ್ತಿಕೊಂಡು ಹತ್ತಿರ ಬಂದ.

"ಯಜಮಾನ್ರೇ, ಎಷ್ಟೊತ್ತು ಮಾಡ್ತೀರಾ? ಒಂದು ಗಂಟೆ ಮೇಲಾದ್ರೆ ಹೇಳ್ಬಿಡಿ, ಪುಳಿಯೋಗರೆ ಡಬ್ಬಿ ಇಲ್ಲೇ ಬಿಚ್ಚಿಬಿಡ್ತೀವಿ."

ಆಗ ತುಕ್ರಪ್ಪ ತಿರುಗಿ ತನ್ನದೇ ಬ್ಯಾನರನ್ನು ಓದಿದ.

ಕಣ್ಣು ಉಜ್ಜಿ ಇನ್ನೊಮ್ಮೆ ಓದಿದ. ಆಮೇಲೆ, ಸುಳ್ಳು ಹೇಳಬಾರದು, ಎದೆ ಬೆಚ್ಚಗಾಯಿತು. ಹೋದ ಸಲ ಹೊಂಡ ಬಿದ್ದ ರಸ್ತೆಯ ವಿರುದ್ಧ ಅವನು ರಸ್ತೆ ತಡೆ ಮಾಡಿದಾಗ ಸೇರಿದ್ದು ನಾಲ್ಕು ಜನ. ಆವತ್ತು ವಾಹನಗಳು ನಿಂತದ್ದೂ ಹೊಂಡಕ್ಕೆ ಹೆದರಿ, ಇವರಿಗಲ್ಲ. ಅದಕ್ಕೂ ಹಿಂದಿನ ಸಲ ಒಬ್ಬ ಮೀನು ಮಾರುವವನು ಸ್ಕೂಟರಿನಲ್ಲಿ ಅವರ ನಡುವಿನಿಂದಲೇ ಹಾದುಹೋಗಿ, ಹೋಗುವಾಗ "ಬೂತಾಯಿ ಬೇಕಾ?" ಎಂದು ಕೇಳಿದ್ದ. ಇವತ್ತು, ಜೀವಮಾನದಲ್ಲಿ ಮೊದಲ ಬಾರಿಗೆ, ಹೆದ್ದಾರಿ ಅವನ ಕಾಲಬುಡದಲ್ಲಿ ತೆಪ್ಪಗೆ ಬಿದ್ದಿತ್ತು.

ಅಮ್ಮಣಿ ಓಡಿ ಬಂದಳು. "ತೆಗೀರಿ ಇದನ್ನು. ಈಗ ತೆಗೀರಿ."

"ಹತ್ತು ನಿಮಿಷ, ಅಮ್ಮಣಿ. ಆ ಸಾಲಿನ ಕೊನೆ ನೋಡು. ಕಾಣುದೇ ಇಲ್ಲ."

"ಆ ಸಾಲಿನ ಕೊನೆಯಲ್ಲಿ ಸಬೀಹಾ ಮೇಡಂ ಇದ್ದಾರೆ. ಫೋನ್ ಬಂತು. ಯಾರೋ ಪೋಕ್ರಿಗಳು ರಸ್ತೆ ಮುಚ್ಚಿದ್ದಾರಂತೆ, ಮುಂಡಾಜೆಯಿಂದ ನಡ್ಕೊಂಡು ಬರ್ತಿದ್ದಾರಂತೆ."

ತುಕ್ರಪ್ಪ ಹಗ್ಗಕ್ಕೆ ಕೈ ಹಾಕಿದ. ಆದರೆ ಅದು ಅವನೇ ಹಾಕಿದ ಗಂಟು, ಪೊಲೀಸರು ಎಳೆದರೂ ಬಿಚ್ಚಬಾರದೆಂದು ನಲುವತ್ತು ವರ್ಷ ಹಾಕಿ ಅಭ್ಯಾಸವಾದ ಗಂಟು. ಅವನು ಎಳೆದಷ್ಟೂ ಬಿಗಿಯಾಯಿತು. ಅಷ್ಟರಲ್ಲಿ ಪೊಲೀಸರೇ ಬಂದರು. ಬೈಕಿನಲ್ಲಿ ಒಬ್ಬ ಎಸ್ಸೈ, ಹಿಂದೆ ನೋಟ್‌ಬುಕ್ ಹಿಡಿದ ಒಬ್ಬ ಕಾನ್‌ಸ್ಟೇಬಲ್. ಎಸ್ಸೈ ವಿಜಯಪುರದ ಕಡೆಯ ಹುಡುಗ, ಈ ಊರಿಗೆ ಬಂದು ತಿಂಗಳಾಗಿತ್ತಷ್ಟೆ.

"ಲೀಡರ್ ಯಾರ್ರೀ ಇಲ್ಲಿ?"

ಜುಲೈಕಾ ಸೌಟಿನಿಂದ ತುಕ್ರಪ್ಪನನ್ನು ತೋರಿಸಿದಳು.

"ಪರ್ಮಿಷನ್ ತಗೊಂಡೀರೇನು?"

"ಇಲ್ಲ ಸಾರ್. ಇದು ರಸ್ತೆ ತಡೆ ಅಲ್ಲ."

ಎಸ್ಸೈ ಬ್ಯಾನರು ಓದಿದ, ವಾಹನದ ಸಾಲು ನೋಡಿದ, ತುಕ್ರಪ್ಪನ ಮುಖ ನೋಡಿದ. "ಹಂಗಾರ ಇದೇನು, ಜಾತ್ರೀನಾ? ಬೇಡಿಕೆ ಏನದಾವು ಲಗೂ ಹೇಳ್ರಿ. ಮ್ಯಾಲಿನವರಿಗೆ ಮುಟ್ಟಸಬೇಕು."

"ಬೇಡಿಕೆ ಎಂತದೂ ಇಲ್ಲ."

ನಲುವತ್ತು ವರ್ಷ ಬೇಡಿಕೆಗಳ ಪಟ್ಟಿ ಹಿಡಿದುಕೊಂಡು ಒಬ್ಬ ಕೇಳುವವನಿಗಾಗಿ ಅಲೆದ ಮನುಷ್ಯ. ಈಗ ರಸ್ತೆಯೂ ಸಿಕ್ಕಿತು, ಕೇಳುವವನೂ ಸಿಕ್ಕಿದ, ಕಿಸೆಯಲ್ಲಿ ಒಂದು ಬೇಡಿಕೆಯಿಲ್ಲ. ಎಸ್ಸೈಗೂ ಇದು ಹೊಸ ಅನುಭವ. "ಬೇಡಿಕಿ ಇಲ್ದನ ಹೆದ್ದಾರಿ ಬಂದ್ ಮಾಡೀರಿ?" ಎಂದು ಅವನು ಇನ್ನಷ್ಟು ಗಾಬರಿಯಾದ.

ಖಾಕಿ ಬಟ್ಟೆಯವರು ಬಂದು ಬೇಲಿಯ ಆಚೆ ನಿಂತದ್ದನ್ನು ಕಂಡ ಮಕ್ಕಳಿಗೆ, ಸಭೆಗೆ ಬರುತ್ತಾರೆಂದು ಅಜ್ಜ ಹೇಳಿದ್ದ ಅತಿಥಿಗಳು ಇವರೇ ಎನಿಸಿತು. ಇಹ್ಸಾನ್ ಮುಂದೆ ಬಂದು ಮುಷ್ಟಿ ಎತ್ತಿದ. ಉಳಿದ ಹದಿಮೂರು ಮುಷ್ಟಿಗಳೂ ಎದ್ದವು. ಅಕ್ಕಿ. ಆಡು. ಇಲಿ. ಈರುಳ್ಳಿ. ಉಪ್ಪು. ಊಟ. ಕಾನ್‌ಸ್ಟೇಬಲ್ ಗಡಿಬಿಡಿಯಲ್ಲಿ ಬರೆದುಕೊಳ್ಳತೊಡಗಿದ.

"ಸಾರ್, ಇಲಿ ಕೇಳ್ತಿದ್ದಾರೆ."

"ಇಲಿ ಕಾಟ ಅಂತ ಬರಕೋ."

"ಆಡು?"

"ಸಬ್ಸಿಡಿ ಇರಬೇಕು. ಬರಿ ಬರಿ, ಮುಂದ ಹೋಗು."

ಅದೇ ಸಾಲಿನಲ್ಲಿ ಹಳದಿ ವ್ಯಾನೂ ಸಿಕ್ಕಿಹಾಕಿಕೊಂಡಿತ್ತು. ಕಿಟಕಿಗೆ ಮೂಗು ಒತ್ತಿ ಕೂತ ಎಂಟು ಮಕ್ಕಳಿಗೆ ತಮ್ಮ ಹಳೆಯ ಗೆಳೆಯರು ಕಂಡರು, ಕಾವಿ ಬಣ್ಣದ ಬೆಕ್ಕು ಕಂಡಿತು, ನೀಲಿ ಬಣ್ಣದ ಬಾಲ್ದಿ ಕಂಡಿತು. ಡ್ರೈವರ್ ಚಾಕ್ಕೆಂದು ಹನೀಫಾಕನ ಶಟರಿನಡಿ ಬಗ್ಗಿದ್ದೇ ತಡ, ಎಂಟೂ ಜನ ವ್ಯಾನಿನಿಂದ ಇಳಿದು ಬೇಲಿಯಡಿಯಿಂದ ನುಗ್ಗಿದವು. ಮುಂದಾಳು ಅನ್ಸಾಫ್. ಅವನು ಟೈಯ ತುದಿಯನ್ನು ಬಾಲ್ದಿಯಲ್ಲಿ ಅದ್ದಿ ಗೋಡೆಗೆ ಎಳೆದ. ಒಳ್ಳೆಯ ಕುಂಚ. ನರ್ಸರಿಯವರು ಟೈ ಕೊಡುವುದರ ಉದ್ದೇಶ ಆವತ್ತು ಎಲ್ಲರಿಗೂ ತಿಳಿಯಿತು.

ಗಂಡಸರು ಇನ್ನೂ ಬೇಡಿಕೆ ಹುಡುಕುತ್ತಿದ್ದರು. ಅಮ್ಮಣಿ ಅಡುಗೆ ಕೋಣೆಗೆ ಹೋಗಿ ತೆಂಗಿನಕಾಯಿ ಒಡೆಯುವ ಕತ್ತಿ ತಂದಳು. ಎಸ್ಸೈ ಎರಡು ಹೆಜ್ಜೆ ಹಿಂದೆ ಸರಿದ. ಅಮ್ಮಣಿ ಹಗ್ಗಕ್ಕೆ ಕಚಕಚನೆ ಕೊಟ್ಟಳು. ಜುಲೈಕಾ ಆ ತುದಿ, ಅಮ್ಮಣಿ ಈ ತುದಿ ಹಿಡಿದು, ಹದಿನಾಲ್ಕು ಬ್ಯಾನರುಗಳನ್ನೂ ಮಗುಚಿ ಬೇಲಿಯ ತಂತಿಗೆ ಸಿಕ್ಕಿಸಿದರು. ಕೆಂಪು ಘೋಷಣೆ ಅಂಗಳಕ್ಕೆ ಹೋಯಿತು, ಬಣ್ಣದ ಅಕ್ಷರ ರಸ್ತೆಗೆ ಬಂತು. ಐದು ನಿಮಿಷದ ಕೆಲಸ.

ಬಸ್ಸಿನ ಚಾಲಕ ಅಕ್ಷರಗಳನ್ನು ನೋಡಿದ. "ಮುಗೀತಾ?" ಎಂದು ಕೇಳಿದ, ಬೀಡಿ ಎಸೆದ, ಹೊರಟ. ಲಾರಿ ಹೊರಟಿತು. ಯಾತ್ರಿಕರು ಪುಳಿಯೋಗರೆ ಡಬ್ಬಿ ಮುಚ್ಚಿದರು. ಹನೀಫಾಕನ ಶಟರು ಬೇಸರದಿಂದ ಮೇಲೆ ಹೋಯಿತು. ಗೋಳಿಬಜೆ ಅಷ್ಟು ಖರ್ಚಾದ ದಿನ ಬೇರೆ ಇರಲಿಲ್ಲ. ಎಸ್ಸೈ ಮಾತ್ರ ತುಕ್ರಪ್ಪನ ಹೆಸರು ಬರೆಸಿಕೊಂಡು, "ಸೋಮವಾರ ಸ್ಟೇಷನ್ನಿಗೆ ಬಂದು ಮುಚ್ಚಳಿಕೆ ಬರದುಕೊಟ್ಟು ಹೋಗ್ರಿ, ಇನ್ನೊಮ್ಮೆ ಹಿಂಗ ಮಾಡಂಗಿಲ್ಲ ಅಂತ" ಎಂದ.

"ನಾನು ಮಾಡಲೇ ಇಲ್ಲ ಸಾರ್."

"ಎಲ್ಲಾರೂ ಹಂಗ ಅಂತಾರ."

ಸಬೀಹಾ ಮೇಡಂ ಬಂದದ್ದು ಹನ್ನೊಂದು ಮುಕ್ಕಾಲಿಗೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಾರು ಕಿತ್ತ ಚಪ್ಪಲಿ. ಕುರ್ಚಿಯಲ್ಲಿ ಕುಸಿದು ಎರಡು ಲೋಟ ನೀರು ಕುಡಿದು ಕಣ್ಣೆತ್ತಿ ನೋಡಿದರೆ, ಎದುರಿಗೆ ಮೊಳದುದ್ದದ ಕೆಂಪು ಅಕ್ಷರ: 'ಇಂದು ಇಲ್ಲಿ ರಸ್ತೆ ತಡೆ'.

ಲೋಟವನ್ನು ಮೆಲ್ಲಗೆ ಕುರ್ಚಿಯಡಿಗೆ ಇಟ್ಟರು.

"ಪೋಕ್ರಿ ಯಾರು ಅಂತ ಗೊತ್ತಾಯ್ತು," ಎಂದರು ಮೇಡಂ. "ನಾನು ವರದಿ ಬರೀಬೇಕು ಟೀಚರ್. ಎಂತ ಬರೀಲಿ, ನೀವೇ ಹೇಳಿ."

"ಮಕ್ಕಳಿಗೆ ಅಕ್ಷರ ಬರ್ತದೆ ಅಂತ ಬರೀರಿ. ನಂಬಿಕೆ ಇಲ್ಲದಿದ್ರೆ ಕೇಳಿ ನೋಡಿ."

ಮೇಡಂ ಎದ್ದು ಮಕ್ಕಳನ್ನು ಗೇಟಿನ ಹೊರಗೆ ಬೇಲಿಯ ಬದಿಗೆ ಕರೆದುಕೊಂಡು ಹೋದರು. 'ಏ' ತೋರಿಸಿದರು, ಇಹ್ಸಾನ್ ಓದಿದ. 'ಔ' ತೋರಿಸಿದರು, ಓದಿದ. ಮಧ್ಯದಿಂದ, ಹಿಂದಿನಿಂದ, ಅಡ್ಡಾದಿಡ್ಡಿ ತೋರಿಸಿದರು. ವಿಸ್ಮಿತಾ, ಉಳಿದ ಮಕ್ಕಳು, ಒಬ್ಬರೂ ತಪ್ಪಲಿಲ್ಲ. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಬಟ್ಟೆಯ ಅಂಚು ಎತ್ತಿ ಹಿಂಬದಿಯ ಕೆಂಪು ಬರಹ ತೋರಿಸಿ, "ಇದು?" ಎಂದರು.

"ಅದು ಅಜ್ಜಂದು," ಎಂದ ಇಹ್ಸಾನ್. "ಅದನ್ನು ಯಾರೂ ಓದುದಿಲ್ಲಂತೆ."

ತುಕ್ರಪ್ಪ ಬೆಕ್ಕನ್ನು ನೋಡಿದ.

ಮೇಡಂ ತಲೆ ಎಣಿಸಿದರು. ಇಪ್ಪತ್ತೆರಡು. ಕನ್ನಡಕ ಒರೆಸಿ ಮತ್ತೆ ಎಣಿಸಿದರು. ಇಪ್ಪತ್ತೆರಡು. ಅವರು ಪೆನ್ನು ತೆಗೆಯುವುದಕ್ಕೂ ವ್ಯಾನಿನ ಹಾರ್ನ್ ಕೇಳುವುದಕ್ಕೂ ಸರಿಹೋಯಿತು. ಡ್ರೈವರ್ ಬಂದು ನೀಲಿ, ನೇರಳೆ ಮೆತ್ತಿಕೊಂಡ ತನ್ನ ಸರಕನ್ನು ಗುರುತು ಹಿಡಿಯಲಾರದೆ, ಬೂಟು ಇದ್ದವರನ್ನೆಲ್ಲ ಕಂಕುಳಿಗೆ ಏರಿಸಿದ. ಐದು ಮಕ್ಕಳನ್ನು ಹೊತ್ತ. ಅನ್ಸಾಫ್ ಮತ್ತು ಇನ್ನಿಬ್ಬರು ಬೇಲಿಯ ಕಂಬವನ್ನು ತಬ್ಬಿಕೊಂಡು ಮುಷ್ಟಿ ಬಿಚ್ಚಲೇ ಇಲ್ಲ. ಕೊನೆಗೆ ಅವರ ಮನೆಗೆ ಫೋನು ಹೋಯಿತು, ಅಲ್ಲಿಂದ ಬೈಗುಳ ಬಂತು, ಆಮೇಲೆ ಸುಸ್ತಾದ ದನಿಯಲ್ಲಿ "ಇವತ್ತು ಅಲ್ಲೇ ಇರಲಿ" ಎಂಬ ಮಾತೂ ಬಂತು.

"ಫೈಲು ತಿಂಗಳ ಕೊನೆ ತನಕ ನನ್ನಲ್ಲೇ ಇರ್ತದೆ," ಎಂದರು ಸಬೀಹಾ ಮೇಡಂ, ಜುಲೈಕಾ ಕೊಟ್ಟ ಹಗ್ಗದ ತುಂಡಿನಿಂದ ಚಪ್ಪಲಿ ಬಿಗಿದುಕೊಳ್ಳುತ್ತ. "ಆದ್ರೆ ಹದಿನೆಂಟು ಅಂದ್ರೆ ಹದಿನೆಂಟು. ಹದಿನೇಳೂವರೆ ಆಗುದಿಲ್ಲ."

ಮರುದಿನ ಬೆಳಿಗ್ಗೆ ತುಕ್ರಪ್ಪ ಸ್ನಾನ ಮಾಡಿ, ಕನ್ನಡಕ ಹಾಕಿ, ಜಗಲಿಯಲ್ಲಿ ಪೇಪರಿಗಾಗಿ ಕಾದು ಕೂತ. ತಪ್ಪೇ ಇರಲಿ, ಹೆದ್ದಾರಿ ನಿಂತದ್ದಂತೂ ನಿಜ. ಹೆಸರು ಬಂದೇ ಬರುತ್ತದೆ. ಪೇಪರು ಬಂತು. ಆದರೆ ಅದನ್ನು ಮೊದಲು ಎತ್ತಿಕೊಂಡವಳು ಅಮ್ಮಣಿ. ಗಟ್ಟಿಯಾಗಿ ಓದಿದಳು:

"'ಪುಟಾಣಿಗಳಿಂದ ಹೆದ್ದಾರಿ ತಡೆ. ಅಂಗನವಾಡಿ ಕಾರ್ಯಕರ್ತೆ ಅಮ್ಮಣಿ ಅವರ ದಿಟ್ಟ ನೇತೃತ್ವದಲ್ಲಿ ಶನಿವಾರ ಒಂದೂವರೆ ಗಂಟೆ ಸಂಚಾರ ಸ್ಥಗಿತಗೊಂಡಿತು. ಅಕ್ಕಿ, ಉಪ್ಪು, ಈರುಳ್ಳಿ ಪೂರೈಕೆ, ಆಡು ಸಾಕಣೆಗೆ ಸಬ್ಸಿಡಿ ಹಾಗೂ ಇಲಿ ಕಾಟದಿಂದ ಮುಕ್ತಿ ಸೇರಿದಂತೆ ಹದಿನಾಲ್ಕು ಬೇಡಿಕೆಗಳನ್ನು ಮಂಡಿಸಲಾಯಿತು.'"

"ಮತ್ತೆ?" ಎಂದ ತುಕ್ರಪ್ಪ.

"ಮತ್ತೆ ಎಂತ ಇಲ್ಲ. ಹಾಂ, ಉಂಟು, ಕೊನೆಗೆ ಒಂದು ಸಾಲು. 'ಸ್ಥಳೀಯ ವೃದ್ಧರೊಬ್ಬರು ಹಗ್ಗ ಕಟ್ಟಲು ಸಹಕರಿಸಿದರು.'"

ಅಷ್ಟರಲ್ಲಿ ಫೋನು ಬಂತು. ಬಂಟ್ವಾಳದ ಯೂನಿಯನ್ನಿನ ಹಳೆಯ ಸಂಗಾತಿ ಅಸ್ಕರ್. ತುಕ್ರಪ್ಪ ಗಂಟಲು ಸರಿಮಾಡಿಕೊಂಡು ಎತ್ತಿದ.

"ತುಕ್ರಪ್ಪಣ್ಣ, ಪೇಪರು ನೋಡಿದೆ ಮಾರಾಯ್ರೆ. ಒಂದೂವರೆ ಗಂಟೆ! ನಮ್ಮ ಕೈಯಲ್ಲಿ ಯಾವತ್ತಾದ್ರೂ ಆಗಿತ್ತಾ? ಮುಂದಿನ ತಿಂಗಳು ಬೀಡಿಯವರ ಧರಣಿ ಉಂಟು, ಸ್ವಲ್ಪ ಅಮ್ಮಣಿ ಅಕ್ಕನಿಗೆ ಫೋನ್ ಕೊಡಿ."

ತುಕ್ರಪ್ಪ ಎದ್ದು, ಮೊಣಕಾಲು ಹಿಡಿದುಕೊಂಡು ನಡೆದು, ಫೋನು ಕೊಟ್ಟ. ಅಮ್ಮಣಿ ಮಾತಾಡುವಷ್ಟು ಹೊತ್ತೂ ಅವಳ ಪಕ್ಕದಲ್ಲಿ ನಿಂತ. ಆಮೇಲೆ ಅವಳು ಕೇಳದೆಯೇ ಒಳಗೆ ಹೋಗಿ ಬಸಳೆಯ ಹಣ್ಣು ಹಿಂಡತೊಡಗಿದ, ಸೋಮವಾರದ ವ್ಯಂಜನಗಳಿಗೆ ಬಣ್ಣ ಬೇಕಿತ್ತು.

ಅನ್ಸಾಫ್ ಮತ್ತು ಅವನ ಇಬ್ಬರು ಸಂಗಡಿಗರು ಸೋಮವಾರ ವ್ಯಾನು ಹತ್ತಲಿಲ್ಲ, ಮಂಗಳವಾರವೂ ಹತ್ತಲಿಲ್ಲ. ಈಗ ಅವರ ಹೆಸರು ಅಮ್ಮಣಿಯ ಪುಸ್ತಕದಲ್ಲಿದೆ. ಹದಿನಾಲ್ಕಕ್ಕೆ ಮೂರು ಸೇರಿದರೆ ಹದಿನೇಳು. ತಿಂಗಳು ಮುಗಿಯಲು ಒಂಬತ್ತು ದಿನ ಉಂಟು.

ಇಷ್ಟು ಹೊತ್ತು ಓದಿ ನಕ್ಕವರೇ, ಇನ್ನು ನಿಮ್ಮ ಸರದಿ. ಮುಂಡಾಜೆ, ಕಕ್ಕಿಂಜೆ ಸುತ್ತ ನಿಮ್ಮ ಮನೆ ಇದ್ದು, ಅಲ್ಲಿ ಮೂರು ವರ್ಷ ತುಂಬಿದ ಒಂದು ಮಗು ಮೊಬೈಲು ನೋಡುತ್ತ ಮೂಲೆಯಲ್ಲಿ ಕೂತಿದ್ದರೆ, ಅದನ್ನು ಎಬ್ಬಿಸಿ, ಮುಖ ತೊಳೆಸಿ, ನಾಳೆ ಒಂಬತ್ತೂವರೆಗೆ ಕುಂಟಾಲಗುಡ್ಡೆಗೆ ತನ್ನಿ. ದೂರದ ಊರಿನವರಾದರೆ ನಿಮಗೂ ಬಿಡುಗಡೆ ಇಲ್ಲ: ನಿಮ್ಮ ಬೀದಿಯ ಅಂಗನವಾಡಿಯಲ್ಲಿ ಎಷ್ಟು ಮಕ್ಕಳು ಉಳಿದಿದ್ದಾರೆಂದು ಇವತ್ತೇ ಹೋಗಿ ಎಣಿಸಿ. 'ನೋಡುವ, ಯೋಚನೆ ಮಾಡುವ' ಎಂಬ ಉತ್ತರ ಬೇಡ, ಅದು ಕಚೇರಿಗಳಲ್ಲಿ ಧಾರಾಳ ಸಿಗುತ್ತದೆ. ಒಂದು ಮಗು ಬೇಕು. ಕಳಿಸುತ್ತೀರೋ ಇಲ್ಲವೋ?